ಮೊನೆಯಿಲ್ಲದ ಎರಡು ಚಾಕು

ಕೆರೆ ತುಂಬಿತೆಂದರೆ ಊರಿಗೆಲ್ಲ ಹಿಗ್ಗು. ಆದರೆ ತುಂಬಿದ ಕೆರೆ ತನ್ನ ಹೊಟ್ಟೆಯಲ್ಲಿ ಏನೇನು ಇಟ್ಟುಕೊಂಡಿದೆ ಎಂಬುದು ದಂಡೆಯ ಮೇಲೆ ನಿಂತವರಿಗೆ ಕಾಣುವುದಿಲ್ಲ. ರಾಜೇಶ್ವರ ಎಂಬ ಊರಿನಿಂದ ಹೊಲದ ದಾರಿ ಹಿಡಿದು ಮೂರು ಮೈಲಿ ನಡೆದರೆ ಒಂದು ಕೆರೆ ಸಿಗುತ್ತದೆ. ಬೇಸಿಗೆಯಲ್ಲಿ ಅದರ ಅಂಗಳದ ತುಂಬ ಜಾಲಿ ಗಿಡ. ಮಳೆ ಬಂದು ನೀರೇರಿದರೆ ಆ ಜಾಲಿಗಳೆಲ್ಲ ಮುಳ್ಳು ಸಮೇತ ಮುಳುಗಿ ಒಳಗೇ ನಿಂತಿರುತ್ತವೆ. ಬಲೆ ಬೀಸುವವರಿಗೆ ಅವೇ ಶತ್ರು.

ಆ ಕೆರೆಯಲ್ಲಿ ಜ್ಞಾನೇಶ್ವರ ಮತ್ತು ಅವನ ಹೆಂಡತಿ ಧೂಳಮ್ಮ ಮೀನು ಹಿಡಿಯುತ್ತಿದ್ದರು. ಅವರದು ಹುಟ್ಟಾ ಮೀನುಗಾರರ ಮನೆಯಲ್ಲ, ಕುರಿ ಕಾಯುವ ಮನೆ. ಊರಿನ ಸಂಘದವರು ಕೆರೆಗೆ ಮೀನುಮರಿ ಬಿಟ್ಟ ವರ್ಷ ಇವರೂ ಸಂಘಕ್ಕೆ ಸೇರಿದರು, ಬಲೆ ತಂದರು. ಲಾರಿಯ ನಾಲ್ಕು ಹಳೇ ಟ್ಯೂಬಿಗೆ ಗಾಳಿ ತುಂಬಿಸಿ, ಮೇಲೆ ಬಿದಿರು ಕಟ್ಟಿ ತೆಪ್ಪ ಮಾಡಿಕೊಂಡರು. ಹುಟ್ಟಿನ ಬದಲು ಊಟದ ತಾಟು. ಅದರಿಂದಲೇ ನೀರು ತಳ್ಳುತ್ತ ಧೂಳಮ್ಮ ತೆಪ್ಪ ನಡೆಸುತ್ತಿದ್ದಳು, ಗಂಡ ಬಲೆ ಎಳೆಯುತ್ತಿದ್ದ. ಅಕ್ಕಪಕ್ಕದವರು ನಕ್ಕರು. ಮೀನು ಬಿದ್ದ ಮೇಲೆ ಅವರೇ ಸಾರಿಗೆ ಎರಡು ಕೊಡು ಎಂದು ಬಂದು ನಿಂತರು.

ಕುರಿ ಕಡಿಮೆಯಾದರೂ ಕುರಿಯವರ ಕೊಯ್ತಾ ಮಾತ್ರ ಮನೆ ಬಿಡಲಿಲ್ಲ. ಕೊಯ್ತಾ ಎಂದರೆ ಆಡು ಕುರಿಗಳಿಗೆ ಜಾಲಿ ಟೊಂಗೆ ಕಡಿದು ಹಾಕುವ, ತುದಿ ಬಾಗಿದ ದೊಡ್ಡ ಕತ್ತಿ. ಜ್ಞಾನೇಶ್ವರನ ಅಪ್ಪನ ಕಾಲದ್ದು. ಅದನ್ನು ಗೋಣಿಚೀಲದಲ್ಲಿ ಸುತ್ತಿ, ಬಾಯಿಗೆ ಹಗ್ಗ ಬಿಗಿದು, ತೆಪ್ಪದ ಹಿಂದಿನ ಮೂಲೆಗೆ ಇಟ್ಟುಕೊಂಡೇ ಅವನು ನೀರಿಗಿಳಿಯುತ್ತಿದ್ದ.

ಅದೇ ಕೆರೆಯಲ್ಲಿ ಸಂಗಪ್ಪನೆಂಬ ಹಿರಿಯ ಮೀನುಗಾರನಿದ್ದ. ಹಲ್ಲು ಬಂದಂದಿನಿಂದ ನೀರಿನ ಮೇಲೇ ಇದ್ದವನು. ಅವನ ಎದೆಯ ಮೇಲೆ ಯಾವಾಗಲೂ ಗೇಣುದ್ದದ ಒಂದು ಚಾಕು, ಚರ್ಮದ ಒರೆಯಲ್ಲಿ. ಮೊನೆಯೇ ಇಲ್ಲದ ಚಾಕು. ತುದಿ ಬೆರಳಿನ ಹಾಗೆ ಗುಂಡಗೆ.

"ತಮ್ಮಾ, ಗಾಳಿ ತುಂಬಿದ ಟ್ಯೂಬಿನ ಮ್ಯಾಲ ಕೊಯ್ತಾ ತರಬ್ಯಾಡೋ," ಎಂದು ಅವನು ಒಂದೆರಡು ಸಲ ಹೇಳಿದ್ದ.

"ಕಾಕಾ, ನಿಮ್ಮ ಮೂಗಿಲ್ಲದ ಚಾಕುದಿಂದ ಮೊದಲ ಒಂದು ಬೆಂಡಿಕಾಯಿ ಹೆಚ್ಚಿ ತೋರಸ್ರಿ, ಆಮ್ಯಾಲ ಮಾತಾಡೂಣು," ಎಂದು ಜ್ಞಾನೇಶ್ವರ ನಗಾಡಿದ್ದ. ಸಂಗಪ್ಪ ಸಿಟ್ಟಾಗಲಿಲ್ಲ. ಕೇಳದವನಿಗೆ ಹೇಳುತ್ತ ಕೂರುವ ವಯಸ್ಸು ಅವನದಲ್ಲ.

ಇಲ್ಲಿ ಧೂಳಮ್ಮನ ಮನೆಯ ಒಂದು ಪದ್ಧತಿ ಹೇಳಬೇಕು. ಮದುವೆಯಾಗಿ ಬಂದ ಹೊಸದರಲ್ಲಿ ಅವಳು ಅತ್ತೆಗೆ ಚಾಕು ಕೊಡಲು ಕೈ ಚಾಚಿದಾಗ ಅತ್ತೆ ಕೈ ಹಿಂದಕ್ಕೆ ಎಳೆದುಕೊಂಡಿದ್ದಳು.

"ಕೆಳಗ ಇಡವಾ. ಕಬ್ಬಿಣ ಕೈಯಿಂದ ಕೈಗೆ ಹೋಗಬಾರದು. ನೀ ಇಡು, ನಾ ತಗೋತೀನಿ."

"ಕೈಯಾಗ ಕೊಟ್ರ ಏನಾಗತದ್ರಿ ಅತ್ತಿ?"

"ಜಗಳ ಆಗತದ."

ಹಾಗೆ ಇಟ್ಟು ಎತ್ತಿಕೊಂಡರೂ ಅತ್ತೆ ಸೊಸೆಯರು ಜಗಳವಾಡದೆ ಏನೂ ಇರಲಿಲ್ಲ, ಆ ಮಾತು ಬೇರೆ. ಅಂತೂ ಹದಿನೈದು ವರ್ಷ ಚಾಕು, ಕುಡಗೋಲು, ಕತ್ತರಿ, ಕೊಯ್ತಾ, ಯಾವುದೇ ಇರಲಿ, ಒಬ್ಬರು ನೆಲದ ಮೇಲೆ ಇಡುವುದು, ಇನ್ನೊಬ್ಬರು ಎತ್ತಿಕೊಳ್ಳುವುದು ನಡೆದುಬಂತು. ಮನಸ್ಸು ಬೇರೆಲ್ಲೋ ಇದ್ದರೂ ಕೈ ತನ್ನ ಪಾಡಿಗೆ ಅದನ್ನೇ ಮಾಡುತ್ತಿತ್ತು.

ಎರಡು ಸಾವಿರದ ನಾಲ್ಕನೇ ಇಸವಿ, ದೀಪಾವಳಿ ಮುಗಿದ ವಾರ. ಬೆಳಿಗ್ಗೆ ಬಿಸಿಲು ಏರುವ ಹೊತ್ತಿಗೆ ಗಾಳಿ ಎದ್ದಿತು. ಜ್ಞಾನೇಶ್ವರ ಬಲೆ ಎಳೆಯುತ್ತಿದ್ದ. ಬಲೆಯ ಕೆಳಗಿನ ಅಂಚು ತಳದ ಜಾಲಿಗೆ ಸಿಕ್ಕಿತು. ಅತ್ತ ಜಾಲಿ ಬಿಡಲೊಲ್ಲದು, ಇತ್ತ ಗಾಳಿ ತೆಪ್ಪವನ್ನು ತಳ್ಳುತ್ತಿದೆ. ಅವನು ಬಲಗೈಗೆ ಹಗ್ಗ ಸುತ್ತಿಕೊಂಡು ಜೋರಾಗಿ ಜಗ್ಗಿದ. ಹಗ್ಗ ಗೆದ್ದಿತು. ಜ್ಞಾನೇಶ್ವರ ನೀರಿನಲ್ಲಿದ್ದ.

ಬಿದ್ದವನ ಕಾಲಿಗೆ ಬಲೆ ತೊಡರಿತು. ಅದು ತಂಗೂಸಿ ಬಲೆ. ಕೂದಲಿನಷ್ಟು ತೆಳುವಾದ ನೈಲಾನ್ ದಾರ, ನೀರಿನಲ್ಲಿ ಮೀನಿಗೂ ಕಾಣದು, ಮನುಷ್ಯನಿಗೂ ಕಾಣದು. ಒದ್ದಷ್ಟೂ ಬಿಗಿಯುತ್ತದೆ. ಬಲಗೈ ಹಗ್ಗದಲ್ಲಿ, ಕಾಲು ಬಲೆಯಲ್ಲಿ. ಎಡ ಮೊಣಕೈಯನ್ನು ಬಿದಿರಿಗೆ ಸಿಕ್ಕಿಸಿ ಅವನು ಹೇಗೋ ತಲೆಯನ್ನು ನೀರಿನ ಮೇಲೆ ಹಿಡಿದಿದ್ದ.

"ಕೊಯ್ತಾ! ಕೊಯ್ತಾ ಕೊಡಬೇ ಜಲ್ದಿ!"

ಧೂಳಮ್ಮ ಚೀಲಕ್ಕೆ ಕೈ ಹಾಕಿದಳು. ನೆನೆದ ಹಗ್ಗದ ಗಂಟು ಬಿಚ್ಚಲಿಲ್ಲ. ಉಗುರು ಮುರಿಯಿತು. ಹಲ್ಲು ಹಚ್ಚಿ ಬಿಚ್ಚಿದಳು. ಕೊಯ್ತಾ ಹೊರಗೆ ಬಂತು. ಮೊಣಕಾಲೂರಿ ಗಂಡನ ಮುಂದೆ ಸರಿದಳು. ಕೈ ಮುಂದೆ ಹೋಯಿತು. ಆಮೇಲೆ ಆ ಕೈ ಹದಿನೈದು ವರ್ಷ ಮಾಡಿದ್ದನ್ನೇ ಮಾಡಿತು. ಕೊಯ್ತಾವನ್ನು ಅವನ ಮುಂದೆ ಬಿದಿರಿನ ಮೇಲೆ ಇಟ್ಟಿತು.

ತೆಪ್ಪ ಒಮ್ಮೆ ಹೊರಳಿತು. ಕೊಯ್ತಾ ಜಾರಿ, ಹೋಗುತ್ತ ಹೋಗುತ್ತ ಬಾಗಿದ ತುದಿಯಿಂದ ಟ್ಯೂಬಿಗೆ ಗೀರು ಹಾಕಿ, ಬುಳಕ್ ಎಂದು ಮುಳುಗಿತು. ಟ್ಯೂಬಿನ ಗಾಳಿ ಬುಸ್ಸೆನ್ನತೊಡಗಿತು. ಜ್ಞಾನೇಶ್ವರ ಹಿಡಿದಿದ್ದ ಮೂಲೆಯೇ ಕೆಳಗಿಳಿಯತೊಡಗಿತು. ನೀರು ಅವನ ಗದ್ದಕ್ಕೆ ಬಂತು, ಬಾಯಿಗೆ ಬಂತು.

ಧೂಳಮ್ಮ ಬೋರಲು ಬಿದ್ದು ಅವನ ಕೈಗೆ ಬಿಗಿದ ಹಗ್ಗಕ್ಕೆ ಹಲ್ಲು ಹಾಕಿದಳು. ನೈಲಾನ್ ಹಗ್ಗ ಹಲ್ಲಿಗೆ ಬಗ್ಗುತ್ತದೆಯೇ? ತುಟಿ ಹರಿದು ರಕ್ತ ಬಂತು, ಹಗ್ಗ ಹರಿಯಲಿಲ್ಲ. ಅಷ್ಟರಲ್ಲಿ ಸಂಗಪ್ಪನ ತೆಪ್ಪ ಬಂದು ತಾಗಿತು. ಅವನು ಒಂದು ಕೈಯಿಂದ ಜ್ಞಾನೇಶ್ವರನ ಅಂಗಿ ಹಿಡಿದ, ಇನ್ನೊಂದು ಕೈಯಿಂದ ಎದೆಯ ಚಾಕು ಎಳೆದ. ಕೈ ಹತ್ತಿರದ ಹಗ್ಗಕ್ಕೆ ಎರಡು ಎಳೆತ. ಆಮೇಲೆ ನೀರೊಳಗೆ ಕೈ ಇಳಿಸಿ, ಕಣ್ಣಿಗೆ ಏನೂ ಕಾಣದಿದ್ದರೂ, ಕಾಲಿನ ಗುಂಟ ಸವರಿಕೊಂಡು ಬಲೆ ಕೊಯ್ದ. ಗುಂಡು ತುದಿಯಾದ್ದರಿಂದ ಕಾಲಿಗೆ ಒಂದು ಗೀರೂ ಬೀಳಲಿಲ್ಲ. ಒಂದು ಬೀಡಿ ಹಚ್ಚಿ ನಾಲ್ಕು ದಮ್ಮು ಎಳೆಯುವಷ್ಟರಲ್ಲಿ ಎಲ್ಲ ಮುಗಿದಿತ್ತು. ಬೆಂಡೆಕಾಯಿಯ ಮಾತನ್ನು ಸಂಗಪ್ಪ ಎತ್ತಲಿಲ್ಲ.

ಕೊಯ್ತಾ ಕೈ ಜಾರಿ ಬಿತ್ತಂತೆ ಎಂದು ಊರವರು ಮಾತಾಡಿದರು. ಜ್ಞಾನೇಶ್ವರನೂ ಹಾಗೇ ಹೇಳಿದ. ಧೂಳಮ್ಮ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಜಾರಿದ್ದಲ್ಲ, ತಾನು ಇಟ್ಟದ್ದು. ಇನ್ನೊಂದು ನಿಮಿಷವಾಗಿದ್ದರೆ ತನ್ನ ಕೈಯಾರೆ ಗಂಡನನ್ನು ನೀರಿಗೆ ಕೊಡುತ್ತಿದ್ದೆ ಎಂಬುದು ಅವಳೊಬ್ಬಳಿಗೇ ಗೊತ್ತಿತ್ತು. ಹೇಳಿಕೊಳ್ಳಲು ನಾಚಿಕೆ, ನುಂಗಿಕೊಳ್ಳಲು ಸಂಕಟ.

ಐದನೆಯ ದಿನ ಜ್ಞಾನೇಶ್ವರ ಟ್ಯೂಬಿಗೆ ತೇಪೆ ಹಾಕಿಸಿಕೊಂಡು ಬಂದ. "ಕಮ್ಮಾರಗ ಹೊಸ ಕೊಯ್ತಾ ಹೇಳಿ ಬಂದೀನಿ. ಈ ಸಲ ಇನ್ನೂ ದೊಡ್ಡದು," ಎಂದ.

ಧೂಳಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. "ದೊಡ್ಡದು ತಂದ್ರ ಮುಳುಗೂದಿಲ್ಲೇನ್ರಿ?"

"ಒಂದು ಸಲ ಆತು. ದಿನಾ ಆಗತದೇನು?"

"ಒಂದ ಸಲ ಸಾಯೋದ್ರಿ ಮನಿಷ್ಯಾ. ಸಂಗಪ್ಪ ಕಾಕಾನ ಕೇಳದ ಕೊಯ್ತಾ ತಂದ್ರ ನಾ ತೆಪ್ಪ ಹತ್ತೂದಿಲ್ಲ. ತಾಟು ನೀವ ತಳ್ಳಿಕೋರಿ, ಬಲಿನೂ ನೀವ ಎಳೀರಿ."

ಒಬ್ಬನಿಂದ ಎರಡೂ ಕೆಲಸ ಆಗದೆಂದು ಜ್ಞಾನೇಶ್ವರನಿಗೂ ಗೊತ್ತು. ಗೊಣಗುತ್ತಲೇ ಸಂಗಪ್ಪನ ಮನೆಗೆ ಹೋದ. ಸಂಗಪ್ಪ ಹೇಳಿದ್ದು ಇಷ್ಟೇ: "ಹುಮನಾಬಾದ ಬಜಾರದಾಗ ಶಂಶುದ್ದೀನ್ ಚಾಚಾಂದು ಸಾಣಿ ಅಂಗಡಿ ಅದ. ನಂದು ಅವರ ಮಾಡಿದ್ದು. ಇಬ್ಬರೂ ಹೋಗ್ರಿ. ನಿಮ್ಮ ಬಲಿ ತುಕಡಿ, ಹಗ್ಗದ ತುಕಡಿ ಸಂಗಟ ಒಯ್ರಿ."

ಮರುದಿನ ಗಂಡ ಹೆಂಡತಿ ಟಂಟಂ ಆಟೋ ಹತ್ತಿ ಹುಮನಾಬಾದಿಗೆ ಹೋದರು. ಶಂಶುದ್ದೀನನದು ಸಣ್ಣ ಅಂಗಡಿ. ಒಂದು ಸಾಣೆಚಕ್ರ, ಕೂರಲು ಒಂದು ಮರದ ಬಾಕು, ಗೋಡೆಯ ತುಂಬ ಕತ್ತರಿ, ಚಾಕು. ಮುದುಕ ಕನ್ನಡಕ ಮೇಲೇರಿಸಿ ಕತೆಯನ್ನೆಲ್ಲ ಕೇಳಿದ.

"ನಾ ನಿಮ್ಮ ಕೆರಿ ನೋಡಿಲ್ಲ ಬೇಟಾ, ಈಜೂದೂ ಬರೂದಿಲ್ಲ. ಆದ್ರ ದಾರ ನೋಡೀನಿ. ಹೇಳು, ಯಾವದು ಬೇಕು?"

ಜ್ಞಾನೇಶ್ವರ ಗೋಡೆ ನೋಡಿದ. ಥಳಥಳ ಹೊಳೆಯುವ ಒಂದು ಮಡಚುವ ಚಾಕು ಅವನ ಕಣ್ಣಿಗೆ ಬಿತ್ತು. "ಇದು ನೋಡ್ರಿ, ಕಿಸೆದಾಗ ಬರೋಬರಿ ಕುಂಡ್ರತದ."

ಶಂಶುದ್ದೀನ್ ಬಕೆಟ್ಟಿನಲ್ಲಿ ಅವನ ಕೈ ಅದ್ದಿಸಿದ, ಸಾಬೂನು ಸವರಿದ. "ಬಲಗೈ ಬೆನ್ನಿಗೆ ಇಟ್ಕೋ. ಈಗ ಎಡಗೈ ಒಂದರಾಗ ತೆಗಿ."

ಜ್ಞಾನೇಶ್ವರ ಉಗುರಿನಿಂದ ಎಬ್ಬಿದ, ಹಲ್ಲಿನಿಂದ ಕಚ್ಚಿದ, ತೊಡೆಗೆ ಒತ್ತಿ ನೋಡಿದ. ಚಾಕು ಬಾಯಿ ಬಿಡಲಿಲ್ಲ. ಅಂಗಡಿಯ ಮುಂದೆ ಹೋಗುವವರು ನಿಂತು ನೋಡತೊಡಗಿದರು.

"ಇಲ್ಲಿ ತೆಗಿಯಾಕ ಆಗಲಿಲ್ಲ, ಮುಳುಗಾಕತ್ತಾಗ ತೆಗಿತಿ?" ಎಂದ ಮುದುಕ. "ಒಂದ ಕೈಯಾಗ ಬರಬೇಕು. ಎಡಗೈಯಾಗೂ ಬರಬೇಕು, ಬಲಗೈಯಾಗೂ ಬರಬೇಕು. ಇದು ಹಣ್ಣು ತಿನ್ನೂದಕ್ಕ ಛಲೋ."

"ಮತ್ತ ಆ ಚೂಪಂದು?"

ಮುದುಕ ಆ ಚೂರಿಯನ್ನು ಗೋಡೆಯಿಂದ ತೆಗೆದ. ಮೂಲೆಯಲ್ಲಿದ್ದ, ಗಾಳಿ ತುಂಬಿದ ಹಳೇ ಸೈಕಲ್ ಟ್ಯೂಬಿಗೆ ಅದರ ತುದಿ ಸುಮ್ಮನೆ ತಾಗಿಸಿದ. ಟ್ಯೂಬು ತೂತಾಗಿ ಬುಸ್ಸೆಂದಿತು. ಧೂಳಮ್ಮ ಮುಖ ಆ ಕಡೆ ತಿರುಗಿಸಿದಳು. ಆ ಬುಸ್ಸೆನ್ನುವ ಸಪ್ಪಳ ಅವಳ ಕಿವಿಯಲ್ಲಿ ಇನ್ನೂ ಇತ್ತು.

"ಚೂಪು ತುದಿ ಚುಚ್ಚೂದಕ್ಕ ಅದ. ನಿಮಗ ಬೇಕಾಗಿದ್ದು ಕೊಯ್ಯೂದು. ನೀರಾಗ ಕಾಣೂದಿಲ್ಲ, ಕೈ ನಡಗತಿರತಾವ. ಚೂಪು ಇದ್ರ ಟ್ಯೂಬಿಗೆ ಹೋಗತದ, ಇಲ್ಲಾ ತೊಡಿಗೆ ಹೋಗತದ."

ಆಮೇಲೆ ಅವರು ತಂದ ಹಗ್ಗವನ್ನು ನೀರಿನಲ್ಲಿ ಅದ್ದಿ, ಎರಡು ತುದಿಗಳನ್ನು ಇಬ್ಬರ ಕೈಯಲ್ಲಿ ಹಿಡಿಸಿ, ಮೊದಲು ನುಣುಪು ಧಾರೆಯ ಚಾಕು ಎಳೆದ. ಅದು ಜಾರಿತು. ಎರಡನೆಯದಕ್ಕೆ ಹುಲ್ಲು ಕೊಯ್ಯುವ ಕುಡಗೋಲಿನಂತೆ ಸಣ್ಣ ಸಣ್ಣ ಹಲ್ಲಿದ್ದವು. ಹಲ್ಲು ಹಗ್ಗವನ್ನು ಕಚ್ಚಿ ಹಿಡಿಯಿತು, ಮೂರನೆಯ ಎಳೆತಕ್ಕೆ ಹಗ್ಗ ಎರಡಾಯಿತು. ತಂಗೂಸಿ ಬಲೆಯಂತೂ ಸವರಿದಲ್ಲೆಲ್ಲ ಹರಿಯಿತು. ಜ್ಞಾನೇಶ್ವರ ಹಗ್ಗದ ತುಂಡು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. ಅವನ ಮುಖದಲ್ಲಿ ಈಗ ನಗುವಿರಲಿಲ್ಲ.

"ನೋಡು ಬೇಟಿ, ನಿನ್ನ ಕೈಗೆ ಹಿಡಿ ಬರೋಬರಿ ಆಗತದೇನು," ಎಂದು ಮುದುಕ ಚಾಕುವಿನ ಹಿಡಿಯನ್ನು ಧೂಳಮ್ಮನ ಕಡೆ ಚಾಚಿದ.

ಧೂಳಮ್ಮ ಕೈ ಚಾಚಲಿಲ್ಲ. ಅವನು ಬಾಕಿನ ಮೇಲೆ ಇಡಲೆಂದು ಕಾದಳು.

"ಕೈಗೆ ಕೊಡಾಕತ್ತೀನಿ, ಯಾಕ ತಗೋವಲ್ಲಿ?"

ಧೂಳಮ್ಮನ ಕಣ್ಣು ತುಂಬಿ ಬಂದವು. ಆರು ದಿನದಿಂದ ತಡೆದದ್ದು ಅಪರಿಚಿತ ಮುದುಕನ ಮುಂದೆ ಒಡೆಯಿತು.

"ಚಾಚಾ, ಅವತ್ತೂ ಹಿಂಗ ಆತ್ರಿ. ಕೊಯ್ತಾ ಜಾರಿ ಬಿದ್ದಿಲ್ಲ. ನಾ ಇಟ್ಟೆ. ನಮ್ಮ ಮನ್ಯಾಗ ಕೈಯಿಂದ ಕೈಗೆ ಕೊಡೂದಿಲ್ಲ. ಅವರು ಮುಳುಗಾಕತ್ತಿದ್ರು, ನಾ ಕೆಳಗ ಇಟ್ಟೆ. ತಪ್ಪು ನಂದು."

ಶಂಶುದ್ದೀನ್ ಚಾಕುವನ್ನು ಮೆಲ್ಲಗೆ ಬಾಕಿನ ಮೇಲಿಟ್ಟ. "ಇಲ್ಲಿಗೆ ಬರೋ ಹೆಂಗಸರು ಸುಮಾರು ಮಂದಿ ಹಿಂಗ ಮಾಡ್ತಾರ ಬೇಟಿ. ಇಡ್ರಿ, ಯಾರು ಬ್ಯಾಡ ಅಂದ್ರು? ಆದ್ರ ಇಡಾಕ ನೆಲ ಬೇಕಲ್ಲ. ನೀರಿನ ಮ್ಯಾಲ ನೆಲ ಎಲ್ಲಿಂದ ತರ್ತಿ?"

ಗಂಡ ಬೈಯುತ್ತಾನೆ ಎಂದು ಧೂಳಮ್ಮ ತಲೆ ತಗ್ಗಿಸಿ ನಿಂತಿದ್ದಳು. ಜ್ಞಾನೇಶ್ವರ ಬೈಯಲಿಲ್ಲ. ಹಗ್ಗದ ತುಂಡನ್ನು ಬೆರಳಿಗೆ ಸುತ್ತಿದ, ಬಿಚ್ಚಿದ.

"ನೀ ಒಬ್ಬಾಕಿನ ಅಲ್ಲ," ಎಂದ ಕೊನೆಗೆ. "ನನ್ನ ಎಡಗೈ ಖಾಲಿ ಇತ್ತು. ನಿನ್ನ ಕೈ ಇಷ್ಟ ದೂರ ಇತ್ತು. ಕಸಗೋಬಹುದಿತ್ತು. ನಾನೂ ಚಾಚಲಿಲ್ಲ. ನೀ ಇಡತಿ, ಆಮ್ಯಾಲ ತಗೋಬೇಕು ಅಂತ ಕಾಯ್ದೆ. ಮುಳುಗಾಕತ್ತಿದ್ರೂ ಕಾಯ್ದೆ."

ಧೂಳಮ್ಮ ತಲೆಯೆತ್ತಿ ಗಂಡನನ್ನು ನೋಡಿದಳು. ಆರು ದಿನ ಅವಳೊಬ್ಬಳೇ ಹೊತ್ತ ಭಾರ ಇಬ್ಬರ ಹೆಗಲಿಗೆ ಬಂತು, ಅರ್ಧ ಹಗುರವಾಯಿತು.

"ಕೈ ಖಾಲಿ ಇತ್ತಂದ್ರ," ಎಂದ ಶಂಶುದ್ದೀನ್, "ನಿನ್ನ ಎದಿ ಮ್ಯಾಲ ಒಂದು ಇದ್ದಿದ್ರ ಯಾರನ್ನೂ ಕೂಗೂ ಜರೂರತ್ತ ಇರಲಿಲ್ಲ. ಕೊಡೂದೂ ಇಲ್ಲ, ತಗೋಳೂದೂ ಇಲ್ಲ."

"ಚಾಚಾ, ಎರಡು ಮಾಡ್ರಿ," ಎಂದ ಜ್ಞಾನೇಶ್ವರ. "ಆಕಿದು ಆಕಿಗೆ, ನಂದು ನನಗ."

ಮುದುಕ ಸಾಣೆಚಕ್ರ ತಿರುಗಿಸಿದ. ಗೇಣುದ್ದದ ಎರಡು ಚಾಕುಗಳ ತುದಿಯನ್ನು ಗುಂಡಗೆ ಉಜ್ಜಿದ. ಕೈ ಜಾರದಂತೆ ಹಿಡಿಗೆ ರಬ್ಬರು ಸುತ್ತಿದ, ರಾಡಿ ನೀರಿನಲ್ಲೂ ಕಾಣಲೆಂದು ಕೆಂಪು ಪಟ್ಟಿ ಹಚ್ಚಿದ. ಒರೆಗೆ ಹಾಕಿ ತಲೆಕೆಳಗೆ ಮಾಡಿ ಜಾಡಿಸಿದ, ಬೀಳಲಿಲ್ಲ. ಹೆಬ್ಬೆರಳಿನಿಂದ ಒತ್ತಿ ಎಳೆದ, ಒಂದೇ ಎಳೆತಕ್ಕೆ ಬಂತು.

"ಎರಡೂ ಆಗಬೇಕು," ಎಂದ. "ತಾನಾಗಿ ಬೀಳಬಾರದು, ಕರೆದ್ರ ಬರಬೇಕು. ಎದಿ ಮ್ಯಾಲ ಕಟ್ಕೋರಿ, ಎರಡೂ ಕೈಗೆ ಸಿಗೂ ಹಂಗ. ಬೆನ್ನಿಗೆ ಬ್ಯಾಡ, ಚೀಲದಾಗ ಬ್ಯಾಡ. ಹಿಡಿಗೆ ದಾರ ಕಟ್ಟೀನಿ, ಕೈ ಚಾಚಿದ್ರ ಸಾಕಾಗುವಷ್ಟ ಅದ. ಉದ್ದ ಮಾಡಬ್ಯಾಡ್ರಿ, ಆ ದಾರನ ಕುತಗಿಗೆ ಸುತ್ತೀತು. ಇದು ಕಬ್ಬಿಣ, ಜಂಗು ಹಿಡೀತದ. ದಿನಾ ಒರಸಿ ಎರಡು ಹನಿ ಎಣ್ಣಿ ಹಚ್ಚರಿ. ಇನ್ನೊಂದು ಮಾತು, ಇದರಲೆ ಉಳ್ಳಾಗಡ್ಡಿ ಹೆಚ್ಚಬ್ಯಾಡ್ರಿ. ಹೊತ್ತಿಗೆ ಬೇಕಾದಾಗ ಇದು ಅಡಗಿ ಮನ್ಯಾಗ ಇರತದ."

ಊರಿಗೆ ಬಂದ ಮೇಲೆ ಸಂಗಪ್ಪ ಇಬ್ಬರನ್ನೂ ಸೊಂಟದವರೆಗಿನ ನೀರಿಗೆ ಇಳಿಸಿದ. ಹಳೇ ಬಲೆ ಕಾಲಿಗೆ ಸುತ್ತಿ, "ಕಣ್ಣು ಮುಚ್ಚಿಕೋರಿ. ಎಡಗೈ," ಎಂದ. ಮೊದಲ ಸಲ ಧೂಳಮ್ಮ ಚಾಕು ಹುಡುಕಿದಳು. ನಾಲ್ಕನೆಯ ಸಲಕ್ಕೆ ಕೈ ತಾನೇ ಎದೆಗೆ ಹೋಯಿತು. ಒಂದು ಕಲಿತ ಕೈಗೆ ಇನ್ನೊಂದು ಕಲಿಸಬಹುದು, ಬೇಕಾದದ್ದು ರೂಢಿ. ಒದೆಯಬೇಡಿ, ಮೊದಲು ತಲೆ ನೀರಿನ ಮೇಲಿಡಿ, ಬಿಗಿದ ಹಗ್ಗವನ್ನು ಮೊದಲು ಕೊಯ್ಯಿರಿ, ಧಾರೆ ಮೈಯಿಂದ ಆಚೆ ಇರಲಿ ಎಂದು ಸಂಗಪ್ಪ ದಂಡೆಯಿಂದ ಹೇಳುತ್ತಲೇ ಇದ್ದ. ಗಾಳಿ ಎದ್ದ ದಿನ ಬಲೆ ಎಳೆಯಬೇಡಿ, ಹಗ್ಗವನ್ನು ಕೈಗೆ ಸುತ್ತಿಕೊಳ್ಳಬೇಡಿ, ತೇಲಲೆಂದು ಬೆನ್ನಿಗೆ ಬಾಯಿ ಬಿಗಿದ ಖಾಲಿ ಕ್ಯಾನು ಕಟ್ಟಿಕೊಳ್ಳಿ ಎಂದೂ ಹೇಳಿದ. ಚಾಕು ಕಟ್ಟಿಕೊಂಡ ಮಾತ್ರಕ್ಕೆ ಯಾರೂ ಮೀನಾಗುವುದಿಲ್ಲವಲ್ಲ.

ಶಿವರಾತ್ರಿಯ ಹೊತ್ತಿಗೆ ಧೂಳಮ್ಮನ ಸರದಿ ಬಂತು. ತೆಪ್ಪದ ತುದಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದಳು. ಕಾಲುಂಗುರಕ್ಕೆ ತಂಗೂಸಿ ಸಿಕ್ಕಿತು, ಬಲೆ ಜಾಲಿಗೆ ಸಿಕ್ಕಿತು, ಅವಳು ನೀರಿಗೆ ಬಿದ್ದಳು. ಜ್ಞಾನೇಶ್ವರ ಇನ್ನೊಂದು ತುದಿಯಿಂದ ತೆವಳಿಕೊಂಡು ಬಂದ. ತನ್ನ ಚಾಕು ಎಳೆದು, ಹಿಡಿ ಮುಂದೆ ಮಾಡಿ, ಅವಳ ಕೈಗೇ ಚಾಚಿದ. ಅವರ ಮನೆಯಲ್ಲಿ ಯಾರೂ ಹಾಗೆ ಚಾಚಿರಲಿಲ್ಲ.

"ತಗೋ! ಕೈಯಾಗ ತಗೋ!"

ಧೂಳಮ್ಮ ಬಿದಿರಿಗೆ ಗದ್ದ ಊರಿ ಮೇಲೆ ನೋಡಿದಳು. ಅವಳ ಎಡಗೈಯಲ್ಲಿ ಕೆಂಪು ಪಟ್ಟಿಯ ಚಾಕು ಇತ್ತು. ಬಲೆ ಆಗಲೇ ಹರಿದಿತ್ತು.

"ನಿಮ್ಮದು ನಿಮ್ಮ ಹತ್ರಾನ ಇರಲ್ರಿ," ಎಂದಳು ಉಸಿರು ಬಿಡುತ್ತ. "ನಂದು ನನ್ನ ಹತ್ರ ಅದ."

ಕಬ್ಬಿಣ ಕೈಯಿಂದ ಕೈಗೆ ಕೊಡಬಾರದೆಂಬ ಮಾತು ಅವರ ಮನೆಯಲ್ಲಿ ಇಂದಿಗೂ ನಡೆಯುತ್ತದೆ. ನೀರಿನ ಮೇಲೆ ಕೊಡುವ ಪ್ರಸಂಗವೇ ಬರುವುದಿಲ್ಲ.

ಕೆರೆ, ನಾಲೆ, ಡ್ಯಾಮಿನ ನೀರಿಗೆ ಬಲೆ ಹಾಕುವ ಅಣ್ಣಂದಿರೇ, ಅಕ್ಕಂದಿರೇ, ನಾಳೆ ತೆಪ್ಪ ಹತ್ತುವ ಮೊದಲು ಒಂದು ಗಳಿಗೆ ನಿಲ್ಲಿ. ನಿಮ್ಮ ಚಾಕು ಎಲ್ಲಿದೆ? ಚೀಲದಲ್ಲಿದ್ದರೆ ಹೊರಗೆ ತೆಗೆಯಿರಿ. ಮೊನೆಯಿದ್ದರೆ ಉಜ್ಜಿಸಿ ಗುಂಡಗೆ ಮಾಡಿಸಿ. ನಿಮ್ಮದೇ ಬಲೆಯ ತುಂಡು, ನಿಮ್ಮದೇ ಹಗ್ಗದ ತುಂಡು ನೀರಲ್ಲಿ ಅದ್ದಿ ಒಂದು ಕೈಯಿಂದ ಕೊಯ್ದು ನೋಡಿ. ಕೊಯ್ಯದಿದ್ದರೆ ಆ ಚಾಕು ನಿಮ್ಮದಲ್ಲ. ತೆಪ್ಪದಲ್ಲಿ ಎಷ್ಟು ಜನರೋ ಅಷ್ಟು ಚಾಕು, ಅವರವರ ಎದೆಯ ಮೇಲೆ. ಬಲೆ ಹೋದರೆ ಮತ್ತೆ ನೇಯಬಹುದು. ನಿಮ್ಮ ಕೈಯನ್ನು ಈಗಲೇ ಎದೆಗೆ ಒಯ್ದು ನೋಡಿ. ಅಲ್ಲಿ ಏನೂ ಸಿಗದಿದ್ದರೆ, ಇವತ್ತು ನೀರಿಗಿಳಿಯಬೇಡಿ.